ಫೋಲ್ಡರ್ ಎಂಬ ಪಟ್ಟಿ

ಹೆಸರು ಕೊಟ್ಟು ಕಂಪ್ಯೂಟರಿನಲ್ಲಿ ಉಳಿಸಿದ ಯಾವುದೇ ಮಾಹಿತಿಯನ್ನು, ಅದು ಪತ್ರವಾಗಿರಲಿ, ಛಾಯಾಚಿತ್ರವಾಗಿರಲಿ, ಹಾಡಾಗಿರಲಿ, ಕಡತ ಅಥವಾ ಫೈಲ್ ಎಂದು ಕರೆಯುತ್ತಾರೆ. ಇಂಥ ಕಡತಗಳು ಫೋಲ್ಡರಿನ ಒಳಗೆ ಇರುತ್ತವೆ ಎಂಬುದು ರೂಢಿಯ ಮಾತು. ಆದರೆ ಡಿಸ್ಕಿನ ಮಟ್ಟದಲ್ಲಿ ನೋಡಿದರೆ ಫೋಲ್ಡರ್ ಎಂಬುದು ಒಂದು ಪಟ್ಟಿಯಷ್ಟೇ. ಕಡತದ ತಿರುಳು ಡಿಸ್ಕಿನ ಯಾವುದೋ ಭಾಗದಲ್ಲಿ, ಕೆಲವೊಮ್ಮೆ ತುಂಡುತುಂಡಾಗಿ, ಬರೆದಿರುತ್ತದೆ. ಅದರ ಹೆಸರು, ಗಾತ್ರ, ದಿನಾಂಕ ಮತ್ತು ಅದು ಎಲ್ಲಿಂದ ಆರಂಭವಾಗುತ್ತದೆ ಎಂಬ ಗುರುತು ಇಷ್ಟು ಮಾತ್ರ ಪಟ್ಟಿಯಲ್ಲಿ ಇರುತ್ತವೆ. ಪೆನ್‌ಡ್ರೈವ್‌ಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಫ್ಯಾಟ್ ವ್ಯವಸ್ಥೆಯಲ್ಲಿ ಇಂಥ ಒಂದು ನಮೂದಿಗೆ ಸಿಗುವ ಜಾಗ 32 ಬೈಟ್. ಅದರಲ್ಲಿ 11 ಬೈಟ್ ಹೆಸರಿಗೆ ಮೀಸಲು, ಹೆಸರು ಉದ್ದವಾದರೆ ಅದು ಇನ್ನಷ್ಟು ನಮೂದುಗಳನ್ನು ತೆಗೆದುಕೊಳ್ಳುತ್ತದೆ. ಹೊಸ ಫೋಲ್ಡರ್ ಸೃಷ್ಟಿಸುವುದೆಂದರೆ ಖಾಲಿ ಪಟ್ಟಿಯೊಂದನ್ನು ತೆರೆದು, ಅದರ ಹೆಸರನ್ನು ಮೇಲಿನ ಪಟ್ಟಿಯಲ್ಲಿ ಒಂದು ನಮೂದಾಗಿ ಸೇರಿಸುವುದು.

ಪಟ್ಟಿಯೊಳಗೆ ಇನ್ನೊಂದು ಪಟ್ಟಿ ಇರಬಹುದೆಂಬ ಕಲ್ಪನೆಯನ್ನು ಅಮೆರಿಕದ ಡೇಲಿ ಮತ್ತು ನ್ಯೂಮನ್ ಅವರು 1965ರಲ್ಲಿ, ಮಲ್ಟಿಕ್ಸ್ ಎಂಬ ದೊಡ್ಡ ಗಣಕ ವ್ಯವಸ್ಥೆಗಾಗಿ ಬರೆದ ಪ್ರಬಂಧದಲ್ಲಿ ವಿವರಿಸಿದ್ದರೂ, ಮನೆ ಕಚೇರಿಗಳ ಸಣ್ಣ ಕಂಪ್ಯೂಟರಿಗೆ ಅದು ಬರುವುದು ತಡವಾಯಿತು. ಅಂಥ ಕಂಪ್ಯೂಟರನ್ನು ನಡೆಸಲು 1981ರಲ್ಲಿ ಹೊರಬಂದ ಮೊದಲ ಎಂಎಸ್-ಡಾಸ್‌ನಲ್ಲಿ 160 ಕಿಲೋಬೈಟಿನ ಫ್ಲಾಪಿಗೆ ಒಂದೇ ಪಟ್ಟಿ, ಅದರಲ್ಲಿ 64 ನಮೂದುಗಳು. ಅಷ್ಟು ಚಿಕ್ಕ ಡಿಸ್ಕಿಗೆ ಅದು ಸಾಕೇ ಆಗಿತ್ತು. 1983ರಲ್ಲಿ ಐಬಿಎಂ ಸಂಸ್ಥೆಯ ಪಿಸಿ ಎಕ್ಸ್‌ಟಿ 10 ಮೆಗಾಬೈಟಿನ ಹಾರ್ಡ್‌ಡಿಸ್ಕಿನೊಂದಿಗೆ ಬಂದಾಗ, ಡಾಸ್‌ನ ಎರಡನೆಯ ಆವೃತ್ತಿ ಒಳಪಟ್ಟಿಗಳಿಗೆ ಅವಕಾಶ ಕೊಡಲೇಬೇಕಾಯಿತು. 1984ರ ಮೆಕಿಂಟೋಷ್ ಕಥೆ ಇನ್ನೂ ಸ್ವಾರಸ್ಯದ್ದು: ಅದರ ಪರದೆಯ ಮೇಲೆ ಫೋಲ್ಡರ್‌ಗಳ ಚಿತ್ರಗಳೇನೋ ಇದ್ದವು, ಡಿಸ್ಕಿನಲ್ಲಿ ಇದ್ದದ್ದು ಮಾತ್ರ ಒಂದೇ ಪಟ್ಟಿ. ಹೀಗಾಗಿ ಬೇರೆ ಬೇರೆ ಫೋಲ್ಡರ್‌ಗಳಲ್ಲಿ ಇಟ್ಟರೂ ಒಂದೇ ಹೆಸರಿನ ಎರಡು ಕಡತಗಳು ಒಂದು ಡಿಸ್ಕಿನಲ್ಲಿ ಇರಲು ಸಾಧ್ಯವಿರಲಿಲ್ಲ. ಮರುವರ್ಷ ಬಂದ ಹೊಸ ವ್ಯವಸ್ಥೆಯಲ್ಲಿ ಈ ತೊಡಕು ಬಗೆಹರಿಯಿತು.

ಇಂದಿನ ವಿಂಡೋಸ್‌ನಲ್ಲಿ ಕಂಟ್ರೋಲ್ ಮತ್ತು ಶಿಫ್ಟ್ ಕೀಲಿಗಳನ್ನು ಹಿಡಿದು ಎನ್ ಅಕ್ಷರವನ್ನು ಒತ್ತಿದರೆ ಫೋಲ್ಡರ್ ಸಿದ್ಧ. ಕಷ್ಟವಿರುವುದು ಸೃಷ್ಟಿಸುವುದರಲ್ಲಲ್ಲ, ವಿಂಗಡಿಸುವುದರಲ್ಲಿ. ಛಾಯಾಚಿತ್ರಗಳಿಗೆ ಒಂದು, ಪಿಡಿಎಫ್‌ಗಳಿಗೆ ಇನ್ನೊಂದು ಎಂದು ಕಡತದ ಜಾತಿಯನ್ನು ನೋಡಿ ವಿಂಗಡಿಸುವ ಪದ್ಧತಿ ವ್ಯಾಪಕವಾಗಿದ್ದರೂ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ಕಡತ ಯಾವ ಬಗೆಯದೆಂದು ಕಂಪ್ಯೂಟರಿಗೆ ಮೊದಲೇ ಗೊತ್ತು, ಬೇಕೆಂದಾಗ ಹಾಗೆ ಜೋಡಿಸಿ ತೋರಿಸಲೂ ಅದು ಬಲ್ಲದು. ಕಡತ ಯಾವ ಕೆಲಸಕ್ಕೆ ಬೇಕಾದದ್ದು ಎಂಬುದು ಮಾತ್ರ ಬಳಕೆದಾರರಿಗಷ್ಟೇ ತಿಳಿದ ಸಂಗತಿ. ಜಮೀನೊಂದರ ಪಹಣಿಯ ಪಿಡಿಎಫ್, ಗಡಿಕಲ್ಲಿನ ಚಿತ್ರ, ಕಂದಾಯದ ರಸೀದಿ, ವಕೀಲರಿಗೆ ಬರೆದ ಪತ್ರ ಇವು ನಾಲ್ಕು ಜಾತಿಯ ಕಡತಗಳಾದರೂ ತಾಲ್ಲೂಕು ಕಚೇರಿಗೆ ಹೊರಟ ದಿನ ಒಟ್ಟಿಗೇ ಬೇಕಾಗುತ್ತವೆ, ಆದ್ದರಿಂದ ಒಂದೇ ಫೋಲ್ಡರಿನಲ್ಲಿ ಇರಬೇಕು. ಆ ಫೋಲ್ಡರಿಗೆ ಸರ್ವೆ ನಂಬರನ್ನೇ ಹೆಸರಾಗಿಡಲು ಹೊರಟರೆ 45/2 ಎಂಬಲ್ಲಿನ ಓರೆಗೆರೆಯನ್ನು ವಿಂಡೋಸ್ ಒಪ್ಪುವುದಿಲ್ಲ, ಹಾಗಾಗಿ 45-2 ಎಂದು ಬರೆಯಬೇಕಾಗುತ್ತದೆ. ಡಾಸ್ ಕಾಲದಿಂದ ಉಳಿದುಬಂದ ವಿಚಿತ್ರವೊಂದೂ ಇದೆ: ಸಿ, ಒ, ಎನ್ ಎಂಬ ಮೂರೇ ಅಕ್ಷರಗಳ ಹೆಸರು ಕೀಲಿಮಣೆ ಮತ್ತು ಪರದೆಗೆ ಮೀಸಲಾದದ್ದರಿಂದ ಅದನ್ನು ಫೋಲ್ಡರಿಗೆ ಇಡಲಾಗದು. ದಿನಾಂಕವನ್ನು ಹೆಸರಿನಲ್ಲಿ ಸೇರಿಸುವುದಾದರೆ 2024-05-12 ಎಂಬಂತೆ ವರ್ಷವನ್ನು ಮೊದಲು ಬರೆಯುವುದು ಮೇಲು. ಆಗ ಹೆಸರಿನ ಕ್ರಮವೇ ಕಾಲದ ಕ್ರಮವೂ ಆಗುತ್ತದೆ.

ಫೋಲ್ಡರಿನೊಳಗೆ ಫೋಲ್ಡರ್ ಬೆಳೆಯುತ್ತಾ ಹೋದಾಗ ಡ್ರೈವಿನಿಂದ ಕಡತದವರೆಗಿನ ಎಲ್ಲ ಹೆಸರುಗಳೂ ಸೇರಿ ಆಗುವ ಪೂರ್ಣ ವಿಳಾಸಕ್ಕೆ ಪಥ ಎನ್ನುತ್ತಾರೆ. ವಿಂಡೋಸ್‌ನಲ್ಲಿ ಇದಕ್ಕೆ ಬಹುಕಾಲದಿಂದ ಇರುವ ಮಿತಿ 260 ಅಕ್ಷರಗಳು; ಎಂಟು ಹತ್ತು ಹಂತ ಆಳಕ್ಕೆ ಇಳಿದು, ಪ್ರತಿ ಹಂತಕ್ಕೂ ಉದ್ದುದ್ದ ಹೆಸರಿಟ್ಟವರಿಗೆ ನಕಲು ಮಾಡುವಾಗ ಇದರ ಬಿಸಿ ತಟ್ಟುತ್ತದೆ. ಮೂರು ಹಂತ ದಾಟಬೇಕಾದ ಅಗತ್ಯ ಮನೆಯ ಕಡತಗಳಿಗೆ ಬರುವುದು ಅಪರೂಪ.

ಹೆಸರುಗಳನ್ನು ಕನ್ನಡದಲ್ಲೇ ಇಡುವುದಕ್ಕೆ ಈಗ ಅಡ್ಡಿಯಿಲ್ಲ, ಆದರೆ ಅವನ್ನು ಯೂನಿಕೋಡ್‌ನಲ್ಲಿ, ಅಂದರೆ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಟ್ಟಿರುವ ಸಂಕೇತ ಪದ್ಧತಿಯಲ್ಲಿ, ಬೆರಳಚ್ಚು ಮಾಡಿರಬೇಕು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟುಗಳ ಕ್ರಮದಲ್ಲಿ ಒತ್ತಿದರೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ ಆದ್ದರಿಂದ, ಫೋಲ್ಡರಿನ ಹೆಸರು ಅರ್ಥವಾಗದ ಚಿಹ್ನೆಗಳ ಸಾಲಾಗಿ ಕಾಣುತ್ತದೆ.

ಕಡತಗಳನ್ನು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಸಾಗಿಸುವಾಗ ಪಟ್ಟಿಯ ಸ್ವಭಾವ ಸ್ಪಷ್ಟವಾಗಿ ಗೋಚರಿಸುತ್ತದೆ. ಒಂದೇ ಡ್ರೈವಿನೊಳಗೆ ದೊಡ್ಡ ಚಲನಚಿತ್ರವನ್ನು ಸರಿಸಿದರೂ ತಿರುಳು ಕದಲದೆ ನಮೂದು ಮಾತ್ರ ಬದಲಾಗುವುದರಿಂದ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಅದೇ ಚಿತ್ರವನ್ನು ಪೆನ್‌ಡ್ರೈವಿಗೆ ಸಾಗಿಸಿದರೆ ಪ್ರತಿಯೊಂದು ಬೈಟನ್ನೂ ಅಲ್ಲಿ ಹೊಸದಾಗಿ ಬರೆದು, ಆಮೇಲೆ ಮೂಲವನ್ನು ಅಳಿಸಬೇಕಾಗುತ್ತದೆ. ಮಹತ್ವದ ದಾಖಲೆಗಳನ್ನು ಡ್ರೈವಿನಿಂದ ಡ್ರೈವಿಗೆ ಒಯ್ಯುವಾಗ ಕತ್ತರಿಸಿ ಅಂಟಿಸುವ ಬದಲು ಮೊದಲು ನಕಲು ಮಾಡಿ, ನಕಲು ತೆರೆದುಕೊಳ್ಳುತ್ತದೆಯೇ ಎಂದು ನೋಡಿ, ಅನಂತರವೇ ಮೂಲವನ್ನು ಅಳಿಸಬೇಕೆಂಬ ಸಲಹೆಗೆ ಕಾರಣ ಇದೇ.