ಹೆಸರು ಹುಡುಕುವಲ್ಲಿ ಎಚ್ಚರ

ಅಂಚೆಯವನಿಗೆ ಮನೆಯ ನಂಬರು ಸಿಕ್ಕರೆ ಸಾಕು. ಊರಿನವರಿಗೆ ಮನೆಯವರ ಹೆಸರು ಬೇಕು. ಗಣಕಯಂತ್ರಕ್ಕೂ ಅದನ್ನು ನಡೆಸುವ ಮನುಷ್ಯನಿಗೂ ಇರುವ ಅಂತರ ಇಂಥದೇ. ಮನುಷ್ಯನು ತನ್ನ ಪ್ರೋಗ್ರಾಮಿನ ಒಂದೊಂದು ಭಾಗಕ್ಕೂ ಹೆಸರಿಟ್ಟು ಬರೆಯುತ್ತಾನೆ. ಯಂತ್ರವು ಹೆಸರುಗಳ ಗೊಡವೆಗೆ ಹೋಗದೆ ತನ್ನ ನೆನಪಿನ ಕೋಶದ ಸ್ಥಾನಸಂಖ್ಯೆಗಳನ್ನೇ ಹಿಡಿದು ನಡೆಯುತ್ತದೆ. ಎಲ್ಲವೂ ಸರಿಯಾಗಿರುವವರೆಗೆ ಇದರಿಂದ ಯಾರಿಗೂ ತೊಂದರೆಯಿಲ್ಲ. ಪ್ರೋಗ್ರಾಮು ನಡುದಾರಿಯಲ್ಲಿ ಮುಗ್ಗರಿಸಿದಾಗ ಮಾತ್ರ, ‘4,200ನೆಯ ಸ್ಥಾನದಲ್ಲಿ ಬಿದ್ದೆ’ ಎಂದಷ್ಟೇ ಅದು ಹೇಳಬಲ್ಲುದು. ಆ ಸ್ಥಾನ ಯಾರದು? ಅದನ್ನು ಹೇಳುವವರು ಯಾರು?

ಈ ಕಾರ್ಯಕ್ಕೆಂದೇ ದೋಷಶೋಧಕಗಳಿವೆ. ರಿಚರ್ಡ್ ಸ್ಟಾಲ್ಮನ್ 1986ರಲ್ಲಿ ರಚಿಸಿದ ಜಿ.ಡಿ.ಬಿ. ಎಂಬುದು ಇವುಗಳಲ್ಲಿ ಹೆಸರಾದದ್ದು; ಇಂದಿಗೂ ಬಳಕೆಯಲ್ಲಿದೆ. ಇಂಥ ಶೋಧಕಗಳಿಗೆ ಆಧಾರವಾಗಿ ಲೈಬ್ರರಿಗಳಿರುತ್ತವೆ. ಲೈಬ್ರರಿ ಎಂದರೆ ಇಲ್ಲಿ ಪುಸ್ತಕಭಂಡಾರವಲ್ಲ. ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಸಿದ್ಧ ಬರವಣಿಗೆಯ ಕಂತೆ. ಅದರಲ್ಲಿ ‘ಸಿಂಬಲ್ ಟೇಬಲ್’ ಎಂಬ ಹೆಸರುಪಟ್ಟಿಯನ್ನು ಓದುವ ಭಾಗವೊಂದು ಉಂಟು. ಆ ಪಟ್ಟಿ ನಮ್ಮ ಪಹಣಿಯಂತೆ: ಇಂಥ ಹೆಸರಿನದು ಇಂಥ ಸ್ಥಾನದಿಂದ ಆರಂಭ, ಅದರ ಅಳತೆ ಇಷ್ಟು.

ಇದಕ್ಕೂ ಕನ್ನಡ ಮೇಷ್ಟರಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಕೊಣನೂರಿನಂಥ ಹೊಳೆದಂಡೆಯ ಊರುಗಳಲ್ಲಿ ಓದಿದ ಮಕ್ಕಳು ಈಗ ಬೆಂಗಳೂರಿನಲ್ಲಿ ಮಾಡುತ್ತಿರುವ ಕೆಲಸ ಇದು. ರಜೆಗೆ ಬಂದವರು ವಿವರಿಸಿದಾಗ ನನಗೆ ನೆನಪಾದದ್ದು ಗ್ರಂಥಸಂಪಾದನೆ. ಒಬ್ಬನು ಲೈಬ್ರರಿಯಲ್ಲಿ ತಿದ್ದುಪಡಿ ಮಾಡಿದರೆ ಅದು ನೇರವಾಗಿ ಸೇರುವಂತಿಲ್ಲ. ತೆಗೆದ ಸಾಲಿನ ಮುಂದೆ ಕಳೆಯುವ ಗುರುತು, ಸೇರಿಸಿದ ಸಾಲಿನ ಮುಂದೆ ಕೂಡುವ ಗುರುತು ಹಾಕಿ ಇನ್ನೊಬ್ಬರ ಮುಂದಿಡಬೇಕು. ಅವರು ಓದಿ, ಪ್ರಶ್ನಿಸಿ, ಒಪ್ಪಬೇಕು. ಓಲೆಗರಿಯ ಪಾಠಾಂತರಗಳನ್ನು ಮುಂದಿಟ್ಟುಕೊಂಡು ‘ಈ ಅಕ್ಷರವನ್ನು ಏಕೆ ತಿದ್ದಿದಿರಿ?’ ಎಂದು ಕೇಳುವ ಹಿರಿಯ ಪಂಡಿತರ ಕೆಲಸವೇ ಇದಲ್ಲವೆ?

ಒಂದು ಉದಾಹರಣೆ ನೋಡೋಣ. ಪಟ್ಟಿಯಲ್ಲಿ ‘ಓದು’ ಎಂಬ ಭಾಗ 4,096ರಲ್ಲಿ ಆರಂಭ, ಅಳತೆ 64. ‘ಬರೆ’ ಎಂಬ ಭಾಗ 4,352ರಲ್ಲಿ ಆರಂಭ ಎಂದಿಟ್ಟುಕೊಳ್ಳಿ. ಬಿದ್ದದ್ದು 4,200ರಲ್ಲಿ. ‘ಓದು’ 4,159ಕ್ಕೇ ಮುಗಿಯಿತು. ‘ಬರೆ’ ಇನ್ನೂ ಬಂದಿಲ್ಲ. ಎಂದ ಮೇಲೆ ಆ ಸ್ಥಾನ ಇಬ್ಬರದೂ ಅಲ್ಲ. ಹುಡುಕಾಟ ಬೇಗ ಮುಗಿಯಲೆಂದು ಒಬ್ಬನು ಅಳತೆ ನೋಡುವ ಸಾಲನ್ನು ಕಿತ್ತುಹಾಕಿದನೆನ್ನಿ. ಆಗ ಲೈಬ್ರರಿಯು ಹಿಂದಿನ ಹೆಸರನ್ನೇ ಹಿಡಿದು ‘ಓದು’ ಎಂದು ಧೈರ್ಯವಾಗಿ ಸಾರುತ್ತದೆ. ಬೀದಿಯ ಕೊನೆಯ ಮನೆಯಾಚೆ, ಬಯಲಿನಲ್ಲಿ ನಡೆದ ಕಳವಿಗೆ ಆ ಮನೆಯವನನ್ನೇ ಹಿಡಿದಂತೆ ಆಯಿತು. ತಪ್ಪಿಲ್ಲದ ಭಾಗವನ್ನು ಓದುತ್ತಾ ಓದುತ್ತಾ ಯಾರೋ ಒಬ್ಬರು ರಾತ್ರಿಯೆಲ್ಲ ಕಣ್ಣು ಕೆಡಿಸಿಕೊಳ್ಳುತ್ತಾರೆ. ನಿಜವಾದ ದೋಷ ಹಾಗೇ ಉಳಿಯುತ್ತದೆ.

ಹಾಗೆಂದು ಅಳತೆಯೊಂದನ್ನೇ ನಂಬಿ ಕೂತರೂ ಆಗದು. ಕೆಲವು ಹೆಸರುಗಳ ಮುಂದೆ ಅಳತೆ ಸೊನ್ನೆ ಎಂದಿರುತ್ತದೆ. ಅದರರ್ಥ ಜಾಗವೇ ಇಲ್ಲವೆಂದಲ್ಲ, ಅಳತೆ ದಾಖಲಾಗಿಲ್ಲವೆಂದೂ ಇರಬಹುದು. ಬಲ್ಲ ಪರಿಶೀಲಕನು ಈ ಎರಡನ್ನೂ ಕೇಳುತ್ತಾನೆ: ಅಳತೆ ಮೀರಿದಾಗ ಏನು ಹೇಳುವೆ? ಅಳತೆ ಸೊನ್ನೆಯಾದಾಗ ಏನು ಹೇಳುವೆ?

ಇನ್ನು ಹೆಸರಿನಿಂದ ಸ್ಥಾನವನ್ನು ಹುಡುಕುವ ಬಗೆ. ಇಲ್ಲಿ ನಮ್ಮ ಕೊಣನೂರೇ ಸಾಕ್ಷಿ. ಯೂನಿಕೋಡ್ ಎಂಬ ಅಕ್ಷರಪಟ್ಟಿಯಲ್ಲಿ ಪ್ರತಿಯೊಂದು ಲಿಪಿಚಿಹ್ನೆಗೂ ಒಂದು ಸಂಖ್ಯೆಯುಂಟು. ‘ಕೊ’ ಎಂಬುದನ್ನು ಕಕಾರಕ್ಕೆ ಒತ್ವ ಸೇರಿಸಿ ಬರೆಯಬಹುದು. ಆ ಒತ್ವದ ಸಂಖ್ಯೆ 3274. ಎತ್ವ ಮತ್ತು ಕೊಂಬಿನಿಳಿಗಳನ್ನು ಬಿಡಿಬಿಡಿಯಾಗಿ ಹಚ್ಚಿಯೂ ಬರೆಯಬಹುದು. ಆಗ ಸಂಖ್ಯೆಗಳು 3270 ಮತ್ತು 3266. ಕೊ, ಕೋ ಎಂಬ ಕಾಗುಣಿತದ ವ್ಯತ್ಯಾಸ ಇದಲ್ಲ. ಎರಡೂ ಒಂದೇ ಅಕ್ಷರವೆಂದು ಯೂನಿಕೋಡೇ ವಿಧಿಸಿದೆ, ಕಣ್ಣಿಗೂ ಎರಡೂ ಒಂದೇ. ಆದರೆ ಸಂಖ್ಯೆಗಳನ್ನಷ್ಟೇ ಹೋಲಿಸುವ ಹುಡುಕಾಟಕ್ಕೆ ಇವು ಎರಡು ಬೇರೆ ಹೆಸರುಗಳು. ಪಟ್ಟಿಯಲ್ಲಿ ಊರು ಇದ್ದೂ ‘ಇಲ್ಲ’ ಎಂಬ ಉತ್ತರ ಬರುತ್ತದೆ. 2008ರಲ್ಲಿ ಬಂದ ಪೈಥಾನ್ ಭಾಷೆಯ ಮೂರನೆಯ ಆವೃತ್ತಿಯಲ್ಲಿ ಭಾಗಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ಪ್ರೋಗ್ರಾಮಿನ ಬರವಣಿಗೆಯಲ್ಲಿರುವ ಹೆಸರನ್ನು ಅದು ಒಂದೇ ರೂಪಕ್ಕೆ ತಂದುಕೊಳ್ಳುತ್ತದೆ. ಹುಡುಕಲೆಂದು ಆಮೇಲೆ ಕೊಟ್ಟ ಹೆಸರನ್ನು ಹಾಗೆ ತಂದುಕೊಳ್ಳುವುದಿಲ್ಲ. ಇಂಗ್ಲಿಷ್ ಹೆಸರುಗಳನ್ನಷ್ಟೇ ಕೊಟ್ಟು ಪರೀಕ್ಷಿಸಿದವನಿಗೆ ಈ ತೊಡಕು ಎಂದೂ ಕಾಣದು. ಕನ್ನಡ ಬಲ್ಲ ಪರಿಶೀಲಕನಿಗೆ ಕಾಣುತ್ತದೆ, ಕಾಣಬೇಕು.

ಕಾಣದೆ ಹೋದದ್ದೂ ಒಂದುಂಟು. ಅದನ್ನು ನೆನೆದರೆ ಪಂಡಿತರ ಮನಸ್ಸು ಮುದುಡುತ್ತದೆ. ಬಾೞ್, ಪೞಗನ್ನಡ ಮೊದಲಾದ ಮಾತುಗಳಲ್ಲಿ ಬರುವ ೞಕಾರವನ್ನು ನೀವು ಬಲ್ಲಿರಿ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳವೆಂದು ಕರೆದು ವಿವೇಚಿಸಿದ ಅಕ್ಷರ ಅದು. ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ 3294ನೆಯ ಸ್ಥಾನ ದೊರೆಯಿತು, ಸಂತೋಷ. ಆದರೆ ಅದಕ್ಕೆ ಇಟ್ಟ ಹೆಸರು ‘ಕನ್ನಡ ಅಕ್ಷರ ಫ’! ೞಕಾರವೆಲ್ಲಿ, ಫಕಾರವೆಲ್ಲಿ? ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಆ ಪಟ್ಟಿಯ ಕಟ್ಟುನಿಟ್ಟು, ಏಕೆಂದರೆ ಆ ಹೆಸರನ್ನು ನಂಬಿದ ಪ್ರೋಗ್ರಾಮುಗಳು ಎಲ್ಲೆಲ್ಲಿವೆಯೋ ಯಾರು ಬಲ್ಲರು? ಕಡೆಗೆ ಸರಿಯಾದ ಹೆಸರನ್ನು ತಿದ್ದುಪಡಿಯ ಎರಡನೆಯ ಹೆಸರಾಗಿ ಪಕ್ಕದಲ್ಲಿ ಸೇರಿಸಿದರು. ಪೈಥಾನಿನಲ್ಲಿ 2012ರ 3.3ನೆಯ ಆವೃತ್ತಿಯಿಂದ ಆ ಸರಿಯಾದ ಹೆಸರು ಹೇಳಿದರೆ ಅಕ್ಷರ ಸಿಗುತ್ತದೆ. ಅಕ್ಷರವನ್ನು ತೋರಿಸಿ ‘ನಿನ್ನ ಹೆಸರೇನು?’ ಎಂದರೆ ಮಾತ್ರ ಇಂದಿಗೂ ಹಳೆಯ ತಪ್ಪು ಹೆಸರೇ ಉತ್ತರ. ಹೊರಗೆ ಹೋಗುವ ಮೊದಲು ಕನ್ನಡ ಬಲ್ಲವರೊಬ್ಬರು ಆ ಒಂದು ಸಾಲನ್ನು ಓದಿ ತಡೆದಿದ್ದರೆ ಸಾಕಾಗಿತ್ತು.

ಆದಕಾರಣ ಈ ಕಸುಬಿನಲ್ಲಿರುವ ನಮ್ಮ ಮಕ್ಕಳಿಗೆ ನನ್ನ ಮಾತು ಇಷ್ಟೆ. ಇನ್ನೊಬ್ಬರ ತಿದ್ದುಪಡಿ ಮುಂದೆ ಬಂದಾಗ ‘ಚೆನ್ನಾಗಿದೆ’ ಎಂದು ರುಜು ಹಾಕುವ ಆತುರ ಬೇಡ. ಅಂಚಿನ ಸ್ಥಾನವನ್ನು ಕೊಟ್ಟು ನೋಡಿ. ಒಂದೇ ಹೆಸರಿನ ಇಬ್ಬರಿದ್ದರೆ, ಒಬ್ಬನಿಗೇ ಎರಡು ಹೆಸರಿದ್ದರೆ ಏನಾಗುತ್ತದೆಂದು ಕೇಳಿ. ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಬರೆದು ಪರೀಕ್ಷಿಸಿ. ಉತ್ತರ ತಿಳಿಯದ ಕಡೆ ಲೈಬ್ರರಿಯು ‘ತಿಳಿಯದು’ ಎನ್ನುವುದೇ ಮೇಲು. ತಿಳಿಯದೆಂದರೆ ಹುಡುಕುವವನು ಇನ್ನೂ ಹುಡುಕುತ್ತಾನೆ. ತಪ್ಪು ಹೆಸರು ಹೇಳಿದರೆ ಹುಡುಕುವುದನ್ನೇ ನಿಲ್ಲಿಸಿಬಿಡುತ್ತಾನೆ.