ಮೊದಲು ರೀಲಿಗೆ ನೀರು

ಮಹಿಳಾ ವೇದಿಕೆಯ ಅಕ್ಕಂದಿರೇ, ಗೆಳತಿಯರೇ,

"ಮನೆಯ ಸಾಮಾನು, ನಮ್ಮದೇ ರಿಪೇರಿ" ಎಂಬ ವಿಷಯ ಕೊಟ್ಟಾಗ ಮಿಕ್ಸಿ, ಕುಕ್ಕರ್, ಹೊಲಿಗೆ ಯಂತ್ರಗಳ ಬಗ್ಗೆ ಮಾತಾಡುವವರು ಬೇಗ ಸಿಕ್ಕರು. ನಾನು ಮೀನು ಹಿಡಿಯುವ ರೀಲಿನ ಬಗ್ಗೆ ಹೇಳುತ್ತೇನೆ ಎಂದಾಗ ಸಂಚಾಲಕಿಯವರು ಒಂದು ಕ್ಷಣ ಸುಮ್ಮನಾದರು. ಸಸ್ಯಾಹಾರಿಗಳು ಹೆದರಬೇಡಿ. ನನ್ನ ಮಾತಿನಲ್ಲಿ ಮೀನು ಕಡಿಮೆ, ಎಣ್ಣೆಯೇ ಹೆಚ್ಚು.

ನನ್ನ ಊರು ಕುಂದಾಪುರದ ಕಡೆ. ಭಾನುವಾರ ಸಂಜೆ ಗಂಗೊಳ್ಳಿ ಅಳಿವೆಯ ಹತ್ತಿರ ಕಲ್ಲುಗಳ ಮೇಲೆ ನಿಂತು ಗಾಳ ಹಾಕುವುದು ಅಪ್ಪಯ್ಯನ ಹವ್ಯಾಸ. ಮನೆಗೆ ಬಂದ ಕೂಡಲೇ ಅಮ್ಮ ಚಾ ಕೊಟ್ಟರೆ ಮುಟ್ಟುತ್ತಿರಲಿಲ್ಲ. "ಮೊದ್ಲ್ ರೀಲಿಗ್ ನೀರ್, ಮತ್ತೆ ನಂಗ್ ಚಾ" ಎನ್ನುತ್ತಿದ್ದರು. ಒಂದೇ ರೀಲು ಹನ್ನೆರಡು ವರ್ಷ ನಡೆಯಿತು.

ಮಂಡಿನೋವು ಹೆಚ್ಚಾಗಿ ಕಲ್ಲು ಹತ್ತಲು ಆಗದಿದ್ದಾಗ ಅದನ್ನು ನನಗೆ ಕೊಟ್ಟರು. ಆ ದೀಪಾವಳಿ ರಜೆಯ ಕೊನೆಯ ದಿನ ಬೆಳಿಗ್ಗೆ ಇಬ್ಬರೂ ಹೋದೆವು. ಅವರು ದಡದಲ್ಲಿ ಕುಳಿತು ಹೇಳಿಕೊಟ್ಟರು, ನಾನು ಗಾಳ ಎಸೆದೆ. ಒಂದು ಕೆಂಬೇರಿಯೂ ಸಿಕ್ಕಿತು. ಮಧ್ಯಾಹ್ನ ಪುಣೆಯ ಬಸ್ಸು. ಗಡಿಬಿಡಿಯಲ್ಲಿ ಒದ್ದೆ ರೀಲನ್ನು ಹಾಗೆಯೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದೆ. ಅದು ಮೊದಲ ತಪ್ಪು.

ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಒದ್ದೆಯಾಗುವುದನ್ನು ನೋಡಿದ್ದೀರಲ್ಲ? ರೀಲಿನೊಳಗಿನ ಉಪ್ಪೂ ಹಾಗೆಯೇ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಈ ರೀಲಿನ ಒಡಲು ಅಲ್ಯೂಮಿನಿಯಂ, ಸ್ಕ್ರೂ ಮತ್ತು ಬೇರಿಂಗು ಸ್ಟೀಲು. ಎರಡು ಲೋಹಗಳ ನಡುವೆ ಉಪ್ಪುನೀರು ನಿಂತರೆ ಪುಟ್ಟ ಬ್ಯಾಟರಿ ಇದ್ದ ಹಾಗೆ. ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ.

ಪುಣೆಗೆ ಬಂದ ಮೇಲೆ ರೀಲಿಗೆ ತೆಂಗಿನೆಣ್ಣೆ ಹಾಕಿಟ್ಟೆ. ಅಪ್ಪಯ್ಯ ಊರಲ್ಲಿ ಅದನ್ನೇ ಹಾಕುತ್ತಿದ್ದರು. ಜನವರಿಯಲ್ಲಿ ತೆಗೆದರೆ ಹ್ಯಾಂಡಲ್ ತಿರುಗಲಿಲ್ಲ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಕರಾವಳಿಯ ಸೆಖೆಯಲ್ಲಿ ನಡೆದದ್ದು ಪುಣೆಯ ಚಳಿಯಲ್ಲಿ ನಡೆಯಲಿಲ್ಲ. ಅಡುಗೆಯ ಎಣ್ಣೆಗಳಲ್ಲಿ ಹೆಚ್ಚಿನವು ದಿನ ಕಳೆದಂತೆ ಅಂಟಾಗುತ್ತವೆ. ಇದು ಎರಡನೆಯ ತಪ್ಪು.

ಮೂರನೆಯದು, ತುಕ್ಕು ಬಿಡಿಸುವ ಸ್ಪ್ರೇ ಹೊಡೆದದ್ದು. ಅವತ್ತು ಹಗುರವಾಗಿ ತಿರುಗಿತು, ಖುಷಿಯಾಯಿತು. ಆದರೆ ಆ ಸ್ಪ್ರೇ ಒಳಗಿದ್ದ ಗ್ರೀಸನ್ನೂ ಕರಗಿಸಿತ್ತು. ಒಂದು ತಿಂಗಳಲ್ಲಿ ಗಿಯರ್ ಕರಕರ ಎನ್ನತೊಡಗಿತು.

ಮನೆಯಲ್ಲಿ "ಅಂಗಡಿಗೆ ಕೊಡು" ಎಂದರು. ಸ್ಕ್ರೂಡ್ರೈವರ್ ಎಂದರೆ ಗಂಡಸರ ಕೆಲಸ ಎಂದು ನಾವೂ ಒಪ್ಪಿಕೊಂಡು ಬಿಟ್ಟಿರುತ್ತೇವೆ. ಎಂಟೆಕ್ ಮಾಡಿದ ನಾನೂ ಅಂಗಡಿಯ ವಿಳಾಸ ಹುಡುಕುತ್ತಿದ್ದೆ. ಅಪ್ಪಯ್ಯ ವಿಡಿಯೋ ಕಾಲ್‌ನಲ್ಲಿ, "ನೀನೇ ಬಿಚ್ಚ್, ನಾ ಕಾಣ್ತೆ" ಎಂದರು. ಸ್ಟೀಲ್ ತಟ್ಟೆಯ ಮೇಲೆ ಬಿಚ್ಚಿದೆ. ಪ್ರತಿ ಭಾಗ ತೆಗೆಯುವ ಮೊದಲು ಫೋಟೋ ತೆಗೆದೆ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟೆ. ತಂಗೂಸಿ ಹಾದುಹೋಗುವ ಪುಟ್ಟ ರೋಲರಿನ ಬೇರಿಂಗ್ ಹಿಡಿದುಕೊಂಡಿತ್ತು, ಬದಲಾಯಿಸಬೇಕಾಯಿತು. ಉಳಿದವನ್ನು ಒರೆಸಿ, ಒಣಗಿಸಿ, ಹೊಸದಾಗಿ ಎಣ್ಣೆ, ಗ್ರೀಸು ಹಾಕಿದೆ.

ಎಣ್ಣೆ ಬೇರೆ, ಗ್ರೀಸು ಬೇರೆ. ವೇಗವಾಗಿ ತಿರುಗುವ ಬೇರಿಂಗು, ರೋಲರು, ಹ್ಯಾಂಡಲಿನ ಗುಬುಟು, ಇವಕ್ಕೆ ತೆಳುವಾದ ರೀಲ್ ಎಣ್ಣೆ ಒಂದೊಂದೇ ಹನಿ. ಒಂದಕ್ಕೊಂದು ಒತ್ತಿಕೊಂಡು ತಿರುಗುವ ಗಿಯರ್ ಹಲ್ಲುಗಳಿಗೆ ಗ್ರೀಸು. ಗ್ರೀಸಿನಲ್ಲಿರುವುದೂ ಎಣ್ಣೆಯೇ, ಸ್ಪಂಜು ನೀರು ಹಿಡಿದಂತೆ ಒಂದು ಬಗೆಯ ಸಾಬೂನು ಅದನ್ನು ಹಿಡಿದಿಟ್ಟುಕೊಂಡು ಜಾಗ ಬಿಟ್ಟು ಹರಿಯದಂತೆ ನೋಡಿಕೊಳ್ಳುತ್ತದೆ. ಹಲ್ಲುಗಳಿಗೆ ತೆಳ್ಳಗೆ ಸವರಿದರೆ ಸಾಕು, ತುಂಬಿದರೆ ಹ್ಯಾಂಡಲ್ ಭಾರವಾಗುತ್ತದೆ. ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ತಡೆಯುವ ಬೇರಿಂಗಿಗೆ ಮಾತ್ರ ಗ್ರೀಸು ಬೇಡವೇ ಬೇಡ, ಅದರ ಹಿಡಿತ ಜಾರುತ್ತದೆ.

ಇನ್ನು ಪ್ರತಿ ಸಲದ ಕೆಲಸ. ಮೀನು ಎಳೆದಾಗ ತಂಗೂಸಿ ತುಂಡಾಗದಂತೆ ಅಷ್ಟಷ್ಟೇ ಬಿಡುವ ಬ್ರೇಕಿಗೆ ಡ್ರ್ಯಾಗ್ ಎನ್ನುತ್ತಾರೆ. ತೊಳೆಯುವ ಮೊದಲು ಅದರ ತಿರುಪನ್ನು ಬಿಗಿ ಮಾಡಿ, ನೀರು ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಸಿಹಿನೀರನ್ನು ಮೆಲ್ಲಗೆ ಸುರಿಯಿರಿ. ಬಕೆಟ್‌ನಲ್ಲಿ ಮುಳುಗಿಸಬೇಡಿ. ಪೈಪಿನಿಂದ ಜೋರಾಗಿಯೂ ಬಿಡಬೇಡಿ, ಉಪ್ಪು ಇನ್ನೂ ಒಳಗೆ ಹೋಗುತ್ತದೆ. ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಣಗಿಸಿ. ಒಣಗಿದ ಮೇಲೆ ಡ್ರ್ಯಾಗ್ ಸಡಿಲಿಸಿ ಇಡಿ, ಇಲ್ಲದಿದ್ದರೆ ಒಳಗಿನ ವಾಷರುಗಳು ಒತ್ತಿ ಚಪ್ಪಟೆಯಾಗುತ್ತವೆ. ಎಲ್ಲ ಸೇರಿ ಐದು ನಿಮಿಷದ ಕೈಕೆಲಸ.

ಅಪ್ಪಯ್ಯನನ್ನು ಕೇಳಿದೆ, "ನೀವು ಎಷ್ಟು ಸಲ ಬಿಚ್ಚಿದ್ದಿರಿ?" ಒಮ್ಮೆಯೂ ಇಲ್ಲವಂತೆ. ಹನ್ನೆರಡು ವರ್ಷ ತಪ್ಪದೆ ತೊಳೆದದ್ದೇ ಅದನ್ನು ಉಳಿಸಿತ್ತು. ಬಿಚ್ಚಿ ಗ್ರೀಸು ಬದಲಾಯಿಸಿದ್ದರೆ ಇನ್ನೂ ಒಳ್ಳೆಯದಿತ್ತು, ಅದು ಬೇರೆ ಮಾತು. ಆದರೆ ನಾನು ಒಂದು ದಿನ ತೊಳೆಯದೆ ಇಟ್ಟದ್ದಕ್ಕೆ ಇಷ್ಟೆಲ್ಲ ಆಯಿತು.

ಜೋಡಿಸಿದ ಮೇಲೆ ಫೋನಿನ ಹತ್ತಿರ ಹಿಡಿದು ಹ್ಯಾಂಡಲ್ ತಿರುಗಿಸಿದೆ. ಗಿಯರಿನ ಹಲ್ಲು ಸವೆದದ್ದು ಸವೆದೇ ಹೋಗಿದೆ, ಸಣ್ಣ ಸದ್ದು ಉಳಿದಿದೆ. ನನಗೆ ಅಳು ಬಂತು. ಅಪ್ಪಯ್ಯ ನಕ್ಕರು. "ಇರ್ಲಿ ಬಿಡ್, ನನ್ ಮಂಡಿಯೂ ಸದ್ದ್ ಮಾಡತ್ತ್."

ಈಗ ಊರಿಗೆ ಹೋದಾಗಲೆಲ್ಲ ಅದೇ ರೀಲು ಹಿಡಿದು ಗಂಗೊಳ್ಳಿಗೆ ಹೋಗುತ್ತೇನೆ. ಮನೆಗೆ ಬಂದ ಮೇಲೆ ಮೊದಲು ರೀಲಿಗೆ ನೀರು, ಆಮೇಲೆ ಅಪ್ಪಯ್ಯನಿಗೂ ನನಗೂ ಚಾ.