ವಾರದ ಅನ್ನ, ವರ್ಷಗಳ ವಿದ್ಯೆ



ತಂದೆತಾಯಿಗಳನ್ನು ಕಳೆದುಕೊಂಡ ಮಗುವೊಂದು ಕಣ್ಣೆದುರು ಬಂದು ನಿಂತಾಗ ಕರಗದ ಹೃದಯವುಂಟೆ? ಆದರೆ ಕರುಣೆಯು ಕ್ಷಣಿಕವಾದುದು. ಮಗುವಿನ ಹಸಿವಾದರೋ ದಿನನಿತ್ಯದ್ದು, ಅದರ ವಿದ್ಯಾಭ್ಯಾಸವು ಹಲವು ವರ್ಷಗಳದ್ದು. ಕ್ಷಣದ ಕರುಣೆಯನ್ನು ವರ್ಷಗಳ ಆಶ್ರಯವನ್ನಾಗಿ ಮಾಡುವ ಬಗೆಯನ್ನು ಈ ಹೊತ್ತು ನಾವು ಸ್ವಲ್ಪ ವಿಚಾರಿಸೋಣ.

ನಮ್ಮ ಹಿರಿಯರು ಕಂಡುಕೊಂಡಿದ್ದ ಉಪಾಯವು ವಾರಾನ್ನ. ಓದಲೆಂದು ಊರಿಗೆ ಬಂದ ಬಡ ಹುಡುಗನಿಗೆ ಏಳು ಮನೆಯವರು ವಾರಕ್ಕೊಂದು ದಿನದಂತೆ ಊಟವಿಕ್ಕುತ್ತಿದ್ದರು. ಒಂದು ಮನೆಗೆ ವರ್ಷದಲ್ಲಿ ಬೀಳುತ್ತಿದ್ದ ಹೊರೆಯು ಸುಮಾರು 52 ದಿನಗಳದು ಮಾತ್ರ. ಒಬ್ಬ ಗೃಹಸ್ಥನಿಗೆ ಭಾರವೆನಿಸುವುದನ್ನು ಏಳು ಸಾಮಾನ್ಯ ಸಂಸಾರಗಳು ಸದ್ದಿಲ್ಲದೆ ಹೊತ್ತವು. ಆದರೆ ಅದರ ಕೊರತೆಗಳನ್ನು ನಾವು ಮರೆಮಾಚಬಾರದು. ಐದೇ ಮನೆಗಳು ದೊರೆತ ಹುಡುಗನಿಗೆ ಉಳಿದೆರಡು ದಿನ ಉಪವಾಸವೇ ಗತಿ. ಆ ಅನ್ನವು ಬಹುಮಟ್ಟಿಗೆ ಜಾತಿಯ ಹೊಸ್ತಿಲನ್ನು ದಾಟಲಿಲ್ಲ. ಹೆಣ್ಣುಮಕ್ಕಳ ಪಾಲಿಗೆ ಅದು ಇರಲಿಲ್ಲವೆಂದೇ ಹೇಳಬೇಕು. ತಡವಾಗಿ ಹೋದರೆ ಮನೆಯಾಕೆಯ ಮುಖವು ಹೇಗಿರುವುದೋ ಎಂಬ ಅಳುಕು ಬೇರೆ.

ಮೈಸೂರಿನ ಜನರು ಪ್ರೀತಿಯಿಂದ ‘ತಾತಯ್ಯ’ನವರೆಂದು ಕರೆದ ಎಂ. ವೆಂಕಟಕೃಷ್ಣಯ್ಯನವರು (1844–1933) ಉಪಾಧ್ಯಾಯರೂ ಪತ್ರಿಕಾಕರ್ತರೂ ಆಗಿದ್ದರು. ಬಡ ವಿದ್ಯಾರ್ಥಿಗಳ ಊಟವಸತಿಗಾಗಿ ಅವರು ಅನಾಥಾಲಯವನ್ನು ಸ್ಥಾಪಿಸಿದರು. ಇಂತಹ ಆಲಯದ ಹಿರಿಮೆಯು ಕಟ್ಟಡದಲ್ಲಿಲ್ಲ. ಹಲವರ ಕಾಣಿಕೆ ಒಂದೆಡೆ ಸೇರಿದಾಗ, ಯಾರ ಅಕ್ಕಿ ಯಾರ ಎಲೆಗೆ ಬಿದ್ದಿತೆಂಬುದು ಕೊಟ್ಟವರಿಗೂ ತಿಳಿಯದು, ಉಂಡವರಿಗೂ ತಿಳಿಯದು. ಮಗುವಿನ ಮಾನವು ಉಳಿಯುವುದು ಅಲ್ಲಿಯೇ.

ಈಗಿನ ಒಂದು ಪದ್ಧತಿಯನ್ನು ನೋಡಿರಿ. ನಮ್ಮ ಮನೆಯ ಹುಟ್ಟುಹಬ್ಬದಂದು ಅನಾಥ ಮಕ್ಕಳಿಗೆ ಸಿಹಿಯೂಟ ಹಾಕಿಸಿ, ಅವರನ್ನು ಸಾಲಾಗಿ ನಿಲ್ಲಿಸಿ ಭಾವಚಿತ್ರ ತೆಗೆಯಿಸಿಕೊಳ್ಳುತ್ತೇವೆ. ಉದ್ದೇಶವು ಒಳ್ಳೆಯದೇ. ಆದರೆ ತನ್ನ ದೌರ್ಭಾಗ್ಯವನ್ನು ಪ್ರದರ್ಶಿಸಿ ಆ ಮಗುವು ಉಣ್ಣಬೇಕೆ? ಶಾಲೆ ತೆರೆಯುವಾಗ ಪುಸ್ತಕಕ್ಕೆ, ವರ್ಷಾಂತ್ಯದಲ್ಲಿ ಪರೀಕ್ಷೆಯ ಶುಲ್ಕಕ್ಕೆ ಯಾರ ಬಾಗಿಲಿಗೆ ಹೋಗಬೇಕು? ಒಂದು ದಿನದ ಹೋಳಿಗೆಗಿಂತ ತಿಂಗಳು ತಿಂಗಳೂ ತಪ್ಪದೆ ಬರುವ ಅಲ್ಪ ಹಣವು ಮೇಲು.

ಇನ್ನೆರಡು ಸಂಗತಿಗಳನ್ನು ನಾವು ನೆನಪಿನಲ್ಲಿಡಬೇಕು. ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯವಾಗಿರಬೇಕೆಂಬುದು 2015ರ ಬಾಲನ್ಯಾಯ ಕಾಯಿದೆಯ ತತ್ತ್ವ. ಅಜ್ಜಿಯ ಆಸರೆಯಲ್ಲಿರುವ ಮಗುವನ್ನು ಅವಳಿಂದ ಅಗಲಿಸದೆ ಅಲ್ಲಿಯೇ ಓದಿಸುವುದು ಸಣ್ಣ ಸಂಘಗಳಿಗೂ ಸಾಧ್ಯವಾದ ಕೆಲಸ. ಎರಡನೆಯದು, 18 ವರ್ಷ ತುಂಬಿ ಆಲಯವನ್ನು ಬಿಟ್ಟು ಹೊರಡುವವರಿಗೆ 21 ವರ್ಷದವರೆಗೆ ಆರ್ಥಿಕ ನೆರವು ಕೊಡಲು ಅದೇ ಕಾಯಿದೆಯು ಅವಕಾಶವಿತ್ತಿದೆ. ಈ ಮೂರು ವರ್ಷಗಳೇ ಕಠಿನವಾದವು. ಇರಲೊಂದು ಕೋಣೆ, ಕಾಲೇಜಿನ ಶುಲ್ಕ, ಕಷ್ಟದಲ್ಲಿ ಸಲಹೆ ಕೇಳಲು ಒಬ್ಬ ಹಿರಿಯರು, ಇಷ್ಟು ದೊರೆಯದಿದ್ದರೆ ಹತ್ತು ವರ್ಷ ಇಕ್ಕಿದ ಅನ್ನವೂ ಅರ್ಧಕ್ಕೆ ನಿಂತಂತೆಯೇ.

ದೊಡ್ಡ ದಾನಿಗಳಿಗಾಗಿ ನಾವು ಕಾಯಬೇಕಾಗಿಲ್ಲ. ನಮ್ಮ ಬೀದಿಯಲ್ಲಿ ಏಳು ಮನೆಗಳಿಲ್ಲವೆ? ವಾರಾನ್ನದ ಕೊರತೆಗಳನ್ನು ಬಿಟ್ಟು ಅದರ ಲೆಕ್ಕವನ್ನು ಉಳಿಸಿಕೊಳ್ಳೋಣ. ಹಂಚಿಕೊಂಡ ಹೊರೆಯು ಹಗುರ. ಆದರೆ ಅದನ್ನು ನಡುದಾರಿಯಲ್ಲಿ ಇಳಿಸದಿರೋಣ.